ಎರಡು ಕಲಂಗಳ ನಡುವಿನ ವಿಷಯ

ನನಗೆ ದೊರೆತ ಸಂಶೋಧನಾ ಧನಸಹಾಯದ ಒಟ್ಟು ಮೊತ್ತ ಮೂರು ಸಾವಿರ ಯೂರೋ, ಆಗಿನ ವಿನಿಮಯ ದರದಲ್ಲಿ ಸುಮಾರು 2.7 ಲಕ್ಷ ರೂಪಾಯಿ. ಅದಕ್ಕಾಗಿ ಮೊದಲ ಅರ್ಜಿ ಬರೆಯಲು ಕುಳಿತದ್ದು 2023ರ ಜನವರಿಯಲ್ಲಿ. ಕೊನೆಯ ಕಂತು ಖಾತೆಗೆ ಜಮಾ ಆದದ್ದು 2025ರ ಜುಲೈನಲ್ಲಿ. ನಡುವಿನ ಎರಡೂವರೆ ವರ್ಷಗಳಲ್ಲಿ ನಾನು ಬರೆದ ಪತ್ರ, ಪ್ರಮಾಣಪತ್ರ ಮತ್ತು ವಿವರಣೆಗಳನ್ನು ಒಟ್ಟುಗೂಡಿಸಿದರೆ ಪ್ರಬಂಧದ ಒಂದು ಅಧ್ಯಾಯಕ್ಕಿಂತ ದೊಡ್ಡದಾದೀತು. ಸುಸ್ಥಿರ ಹಣಕಾಸು (ಪರಿಸರದಂಥ ಗುರಿಗಳಿಗೆ ಜೋಡಿಸಿದ ಸಾಲ, ಹೂಡಿಕೆ) ಮತ್ತು ಸ್ಪರ್ಧಾ ಕಾನೂನು (ವ್ಯಾಪಾರಿಗಳು ಕೂಡಿಕೊಂಡು ಪೈಪೋಟಿ ಮುರಿಯುವುದನ್ನು ತಡೆಯುವ ಕಾನೂನು) ಎರಡನ್ನೂ ಒಟ್ಟಿಗೆ ಓದಹೊರಟ ಕಾನೂನು ವಿದ್ಯಾರ್ಥಿಗೆ ಧನಸಹಾಯದ ದಾರಿ ಹೇಗಿರುತ್ತದೆ ಎಂಬುದನ್ನು, ಇದೇ ದಾರಿಯಲ್ಲಿ ಬರುವವರಿಗೆ ಅನುಕೂಲವಾಗಲೆಂದು, ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ವಿಷಯ ನನಗೆ ಹೊಳೆದದ್ದು ಗ್ರಂಥಾಲಯದಲ್ಲಲ್ಲ. ರಾಣೆಬೆನ್ನೂರಿನಲ್ಲಿ ನಮ್ಮ ತಂದೆಯವರದು ಸಿಮೆಂಟ್ ಮತ್ತು ಕಬ್ಬಿಣದ ಅಂಗಡಿ. 2012ರ ಜೂನ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹನ್ನೊಂದು ಸಿಮೆಂಟ್ ಕಂಪನಿಗಳು ಕೂಟ ಕಟ್ಟಿಕೊಂಡು ಬೆಲೆ ನಿಯಂತ್ರಿಸಿವೆ ಎಂದು ಹೇಳಿ 6,300 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ವಿಧಿಸಿದಾಗ ನಾನು ಪಿಯುಸಿ ಓದುತ್ತಿದ್ದೆ. ಅಪ್ಪ ಆ ಸುದ್ದಿಯನ್ನು ಪತ್ರಿಕೆಯಿಂದ ಕತ್ತರಿಸಿ, ಗಲ್ಲಾಪೆಟ್ಟಿಗೆಯ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು. ನಾನು ಎಲ್‌ಎಲ್‌ಬಿ ಸೇರಿದ ಮೇಲೆ ಒಂದು ದಿನ, “ಎಲ್ಲಾ ಕಂಪನಿ ಒಂದ ದಿನಾ ರೇಟ್ ಏರಿಸಿದ್ರ ಅದಕ್ಕ ಏನಂತಾರವ್ವಾ ನಿಮ್ಮ ಕಾನೂನಿನ್ಯಾಗ?” ಎಂದು ಕೇಳಿದರು. ಅಷ್ಟು ಹೊತ್ತಿಗೆ ಆ ಆದೇಶವನ್ನು ಮೇಲ್ಮನವಿ ನ್ಯಾಯಮಂಡಳಿಯು ರದ್ದುಪಡಿಸಿ ಆಗಿತ್ತು; ವಾದ ಕೇಳದ ಅಧ್ಯಕ್ಷರು ಆದೇಶಕ್ಕೆ ಸಹಿ ಹಾಕಿದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂಬುದು 2015ರ ಆ ತೀರ್ಪಿನ ತಿರುಳು. 2016ರಲ್ಲಿ ಆಯೋಗ ಹೊಸದಾಗಿ ವಿಚಾರಣೆ ನಡೆಸಿ ಮತ್ತೆ ದಂಡ ಹಾಕಿತು, ಕಂಪನಿಗಳು ಮತ್ತೆ ಮೇಲ್ಮನವಿಗೆ ಹೋದವು. ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವರು ಗಾಜಿನ ಕೆಳಗಿನ ತುಣುಕನ್ನು ತೆಗೆಯಲಿಲ್ಲ.

2021ರ ಫೆಬ್ರವರಿಯಲ್ಲಿ ಅದೇ ಉದ್ಯಮದ ಅಲ್ಟ್ರಾಟೆಕ್ ಕಂಪನಿಯು 40 ಕೋಟಿ ಡಾಲರ್ ಮೊತ್ತದ, ಸುಸ್ಥಿರತೆಯ ಗುರಿಗೆ ಜೋಡಿಸಿದ ಬಾಂಡ್ (ಸಾಲಪತ್ರ) ಹೊರಡಿಸಿತು. ಪ್ರತಿ ಟನ್ ಉತ್ಪಾದನೆಗೆ ಹೊರಬೀಳುವ ಇಂಗಾಲದ ಪ್ರಮಾಣವನ್ನು 2017ರ ಮಟ್ಟದಿಂದ 2030ರ ವೇಳೆಗೆ ಶೇ 22.2ರಷ್ಟು ಇಳಿಸದಿದ್ದರೆ ಕಂಪನಿ ಹೆಚ್ಚಿನ ಬಡ್ಡಿ ತೆರಬೇಕೆಂಬುದು ಅದರ ಷರತ್ತು. ಸಿಮೆಂಟ್‌ನ ಬೆಲೆಯ ಬಗ್ಗೆ ಮಾತ್ರ ಯೋಚಿಸಿದ್ದ ನನಗೆ, ಸಾಲ ಕೊಡುವವನು ಷರತ್ತಿನ ಮೂಲಕ ಕಾರ್ಖಾನೆಯ ಒಲೆಯೊಳಗೂ ಕೈಹಾಕಬಲ್ಲ ಎಂಬುದು ಹೊಸದಾಗಿ ಕಂಡಿತು. ಒಬ್ಬ ಸಾಲಗಾರನಿಗೆ ಒಬ್ಬ ಬ್ಯಾಂಕರ್ ಷರತ್ತು ಹಾಕಿದರೆ ಅದು ಕರಾರು. ಹತ್ತು ಬ್ಯಾಂಕುಗಳು ಕೂಡಿ ಮಾತಾಡಿಕೊಂಡು ಒಂದೇ ಷರತ್ತು ಹಾಕಿದರೆ? ಸಿಮೆಂಟ್ ಕಂಪನಿಗಳು ಕೂಡಿ ಬೆಲೆ ಹಾಕಿದ್ದಕ್ಕೂ ಇದಕ್ಕೂ ಕಾನೂನಿನ ಕಣ್ಣಿನಲ್ಲಿ ಏನು ವ್ಯತ್ಯಾಸ?

2002ರ ಸ್ಪರ್ಧಾ ಕಾಯ್ದೆಯ ಕಲಂ 3(3), ಒಂದೇ ವ್ಯಾಪಾರದಲ್ಲಿರುವವರು ಬೆಲೆ ನಿಗದಿಗೋ ಪೂರೈಕೆಯ ಮಿತಿಗೋ ಒಪ್ಪಂದ ಮಾಡಿಕೊಂಡರೆ ಅದರಿಂದ ಸ್ಪರ್ಧೆಗೆ ಧಕ್ಕೆಯಾಗಿದೆ ಎಂದೇ ಊಹಿಸಿಕೊಳ್ಳುತ್ತದೆ. ಹಾಗಾಗಿಲ್ಲವೆಂದು ತೋರಿಸುವ ಹೊಣೆ ಒಪ್ಪಂದ ಮಾಡಿಕೊಂಡವರದು. ಆ ಊಹೆಯನ್ನು ಅಲ್ಲಗಳೆಯಲು ಕಲಂ 19(3) ಕೊಡುವ ಅಂಶಗಳಲ್ಲಿ ಗ್ರಾಹಕರಿಗೆ ಸಿಗುವ ಲಾಭವಿದೆ, ಉತ್ಪಾದನೆಯ ಸುಧಾರಣೆಯಿದೆ, ತಾಂತ್ರಿಕ ಮತ್ತು ಆರ್ಥಿಕ ಅಭಿವೃದ್ಧಿಯಿದೆ, ಆದರೆ ಪರಿಸರ ಎಂಬ ಪದವಿಲ್ಲ. ಯುರೋಪಿನ ಆಯೋಗವು 2023ರ ಮಾರ್ಗಸೂಚಿಯಲ್ಲಿ ಸುಸ್ಥಿರತೆಯ ಒಪ್ಪಂದಗಳಿಗೆಂದೇ ಒಂದು ಅಧ್ಯಾಯ ಬರೆಯಿತು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಅದೇ ವರ್ಷ ಅಕ್ಟೋಬರಿನಲ್ಲಿ ತನ್ನದೇ ಮಾರ್ಗದರ್ಶಿ ಹೊರಡಿಸಿತು. ನಮ್ಮಲ್ಲಿ ಅದಕ್ಕೆ ಸಮನಾದದ್ದು ಇರಲಿಲ್ಲ. ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ಖಾಲಿ ಜಾಗ ಎಲ್ಲಿ ಸಿಕ್ಕೀತು ಎಂದು ನಾನು ಹಿಗ್ಗಿದೆ. ಆ ಹಿಗ್ಗು ಮೊದಲ ಎರಡು ಅರ್ಜಿಗಳವರೆಗೆ ಮಾತ್ರ ಉಳಿಯಿತು.

ಮೊದಲ ಅರ್ಜಿಯನ್ನು ಸಮಾಜ ವಿಜ್ಞಾನಗಳಿಗೆ ನೆರವಾಗುವ ಒಂದು ಸಂಸ್ಥೆಗೆ ಕಳಿಸಿದ್ದೆ. ನಮೂನೆಯಲ್ಲಿ ಜ್ಞಾನಶಾಖೆ ಆರಿಸುವ ಜಾಗದಲ್ಲಿ ಒಂದನ್ನು ಮಾತ್ರ ಗುರುತಿಸಬೇಕಿತ್ತು. ನಾನು ಕಾನೂನನ್ನು ಗುರುತಿಸಿದೆ. ಐದು ತಿಂಗಳ ನಂತರ ಬಂದ ಟಿಪ್ಪಣಿಯಲ್ಲಿ, ಪ್ರಸ್ತಾವನೆಯು ಬ್ಯಾಂಕಿಂಗ್ ಮತ್ತು ಹಣಕಾಸು ನಿರ್ವಹಣೆಗೆ ಸಂಬಂಧಿಸಿದ್ದು, ಕಾನೂನು ಶಾಖೆಯಡಿ ಪರಿಗಣಿಸಲಾಗದು ಎಂದಿತ್ತು. ಎರಡನೆಯದು ಹಣಕಾಸು ವಲಯದ ಅಧ್ಯಯನಗಳಿಗೇ ಮೀಸಲಾದ ನೆರವು. ಅಲ್ಲಿಂದ ಬಂದ ಉತ್ತರ ಇನ್ನೂ ಚಿಕ್ಕದು: ದತ್ತಾಂಶ ವಿಶ್ಲೇಷಣೆಯಿಲ್ಲದ ಶುದ್ಧ ಕಾನೂನಿನ ಪ್ರಸ್ತಾವನೆ. ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟುಕೊಂಡು ನನ್ನ ಮಾರ್ಗದರ್ಶಕರ ಮೇಜಿನ ಮುಂದೆ ಕುಳಿತಾಗ, ಅವರು ಬೇಸರಪಟ್ಟುಕೊಳ್ಳುವ ಬದಲು ನಕ್ಕರು. “ಇಬ್ಬರೂ ಸರಿಯಾಗೇ ಹೇಳ್ಯಾರಮ್ಮಾ. ಹನ್ನೆರಡು ಪುಟ ಬರದೀ, ಪ್ರಶ್ನೆ ಎಲ್ಲೈತಿ?” ಎಂದರು.

ಅವರ ಮಾತು ಆ ಹೊತ್ತಿಗೆ ನೋಯಿಸಿದರೂ ನಿಜವಾಗಿತ್ತು. ನನ್ನ ಪ್ರಸ್ತಾವನೆಯಲ್ಲಿ ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ಮಾರುಕಟ್ಟೆ ಮೌಲ್ಯದ ಲೆಕ್ಕದಲ್ಲಿ ಮೊದಲ ಸಾವಿರ ಕಂಪನಿಗಳಿಗೆ ಕಡ್ಡಾಯ ಮಾಡಿದ ಸುಸ್ಥಿರತಾ ವರದಿ ಇತ್ತು, ಕೇಂದ್ರ ಸರ್ಕಾರ 2023ರ ಜನವರಿ ಮತ್ತು ಫೆಬ್ರವರಿಯಲ್ಲಿ ತಲಾ 8,000 ಕೋಟಿಯಂತೆ, ಪರಿಸರಸ್ನೇಹಿ ಯೋಜನೆಗಳಿಗೆಂದು ಹೊರಡಿಸಿದ ಹಸಿರು ಬಾಂಡ್ ಇತ್ತು, ರಿಸರ್ವ್ ಬ್ಯಾಂಕಿನ ಹಸಿರು ಠೇವಣಿಗಳ ಚೌಕಟ್ಟೂ ಇತ್ತು. ಇವೆಲ್ಲವನ್ನೂ ಸ್ಪರ್ಧಾ ಕಾನೂನಿನ ಹಿನ್ನೆಲೆಯಲ್ಲಿ ಅವಲೋಕಿಸುವುದೆಂದು ಬರೆದಿದ್ದೆ. ಅವಲೋಕಿಸುವುದು ಎಂಬುದು ಪ್ರಶ್ನೆಯಲ್ಲ. ಎರಡು ವಾರ ಕಾಲ ಸರ್ ನನ್ನಿಂದ ದಿನಕ್ಕೊಂದು ವಾಕ್ಯ ಬರೆಸಿ, ಸಂಜೆ ಹೊಡೆದು ಹಾಕುತ್ತಿದ್ದರು. ಕೊನೆಗೆ ಉಳಿದ ವಾಕ್ಯ ಇದು: ಹಲವು ಬ್ಯಾಂಕುಗಳು ಸೇರಿ ಒಬ್ಬನೇ ಸಾಲಗಾರನಿಗೆ ಒಂದೇ ಬಗೆಯ ಹಸಿರು ಷರತ್ತು ಹಾಕಿದರೆ ಆ ಒಪ್ಪಂದವು ಕಲಂ 3(3)ರ ಊಹೆಗೆ ಒಳಪಡುತ್ತದೆಯೇ, ಒಳಪಟ್ಟರೆ ಆ ಊಹೆಯನ್ನು ಅಲ್ಲಗಳೆಯಲು ಇಂಗಾಲದ ಇಳಿಕೆಯನ್ನು ಗ್ರಾಹಕರ ಲಾಭವೆಂದು ತೋರಿಸಬಹುದೇ?

ವಾಕ್ಯ ಸಿಕ್ಕ ಮೇಲೆ ಅದಕ್ಕೆ ಬೇಕಾದ ಪೂರ್ವನಿದರ್ಶನವೂ ಸಿಕ್ಕಿತು. ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸುವವರ ಮೇಲೆ ಬ್ಯಾಂಕುಗಳು ಹಾಕುತ್ತಿದ್ದ ಶುಲ್ಕದ ಬಗ್ಗೆ ಸ್ಪರ್ಧಾ ಆಯೋಗ 2010ರ ಡಿಸೆಂಬರಿನಲ್ಲಿ ಆದೇಶ ನೀಡಿತ್ತು. ಬ್ಯಾಂಕುಗಳ ಸಂಘದಲ್ಲಿ ಆ ಶುಲ್ಕದ ಬಗ್ಗೆ ಚರ್ಚೆ ನಡೆದದ್ದು ದಾಖಲೆಯಲ್ಲಿದ್ದರೂ, ಬಹುಮತದ ಸದಸ್ಯರು ಅದನ್ನು ಕೂಟದ ಒಪ್ಪಂದವೆಂದು ಒಪ್ಪಲಿಲ್ಲ. ಭಿನ್ನಮತದ ಆದೇಶವೂ ಇದೆ. ಬ್ಯಾಂಕುಗಳು ಒಟ್ಟಿಗೆ ಕುಳಿತು ಮಾತನಾಡುವುದು ಯಾವಾಗ ಒಪ್ಪಂದವಾಗುತ್ತದೆ ಎಂಬ ನನ್ನ ಪ್ರಶ್ನೆಗೆ ಈ ಎರಡು ಬಗೆಯ ಓದುಗಳೇ ಅಡಿಪಾಯವಾದವು. ಇಷ್ಟಾದ ಮೇಲೆ ಹಣಕಾಸಿನ ಪ್ರಸ್ತಾವನೆ ಎಂದು ಯಾರೂ ಹೇಳುವಂತಿರಲಿಲ್ಲ.

ಮೂರನೆಯ ಅರ್ಜಿ ಹೋದದ್ದು ಯುರೋಪಿನ ಒಂದು ಚಿಕ್ಕ ಪ್ರತಿಷ್ಠಾನಕ್ಕೆ, 2023ರ ನವೆಂಬರಿನಲ್ಲಿ. ಹವಾಮಾನ ಮತ್ತು ಮಾರುಕಟ್ಟೆ ನಿಯಂತ್ರಣದ ಬಗ್ಗೆ ಅಧ್ಯಯನ ಮಾಡುವ ಕಾನೂನು ವಿದ್ಯಾರ್ಥಿಗಳಿಗೆ ಅವರು ಸಣ್ಣ ಮೊತ್ತಗಳನ್ನು ಕೊಡುತ್ತಾರೆ. ಪ್ರಸ್ತಾವನೆ ನಾಲ್ಕು ಪುಟ ಮೀರಬಾರದು, ಬಜೆಟ್ ಒಂದು ಪುಟ. ನಾಲ್ಕು ಪುಟ ಸುಲಭವಾಯಿತು, ಒಂದು ಪುಟವೇ ಕಷ್ಟವಾದದ್ದು. ನಮ್ಮ ವಿಭಾಗದ ಹಿರಿಯ ಸಂಶೋಧಕರೊಬ್ಬರು ಹಿಂದೆ ವಿಚಾರ ಸಂಕಿರಣಕ್ಕೆ ಮಾಡಿದ್ದ ಬಜೆಟ್ಟನ್ನು ಮಾದರಿಯಾಗಿ ಇಟ್ಟುಕೊಂಡಿದ್ದೆ. ಸಂದರ್ಶನ ನೀಡುವವರಿಗೆ ಸ್ಮರಣಿಕೆ ಎಂಬ ಸಾಲು ಅದರಿಂದ ನನ್ನ ಬಜೆಟ್ಟಿಗೆ ಹಾಗೆಯೇ ನುಸುಳಿತ್ತು. ಆನ್‌ಲೈನ್ ಸಂದರ್ಶನದಲ್ಲಿ ಆಯ್ಕೆ ಸಮಿತಿಯವರು ಕಾನೂನಿನ ಪ್ರಶ್ನೆಗಿಂತ ಮೊದಲು ಇದನ್ನೇ ಕೇಳಿದರು: ಬ್ಯಾಂಕಿನ ಅಧಿಕಾರಿಗೆ ಉಡುಗೊರೆ ಕೊಟ್ಟು ಪಡೆದ ಉತ್ತರವನ್ನು ನಾವು ಹೇಗೆ ನಂಬಬೇಕು? ನಮ್ಮಲ್ಲಿ ಮನೆಗೆ ಬಂದವರಿಗೂ ಎಲೆ ಅಡಿಕೆ ಕೊಡುತ್ತೇವೆ ಎಂದು ವಿವರಿಸುವ ಧೈರ್ಯ ಬರಲಿಲ್ಲ. ಆ ಸಾಲನ್ನು ತೆಗೆಯುತ್ತೇನೆ ಎಂದೆ. ತೆಗೆದ ಇನ್ನೂರು ಯೂರೋವನ್ನು ಧ್ವನಿಮುದ್ರಿಕೆಗಳ ಲಿಪ್ಯಂತರಕ್ಕೆ ಸೇರಿಸಿ ಎಂದು ಅವರೇ ಸೂಚಿಸಿದರು. ಲ್ಯಾಪ್‌ಟಾಪಿಗೆ ಹಣವಿಲ್ಲ, ಪ್ರಯಾಣಕ್ಕೂ ವಸತಿಗೂ ಉಂಟು, ಮಾರ್ಗದರ್ಶಕರಿಗೆ ಗೌರವಧನವಿಲ್ಲ. ಮಿಕ್ಕ ನಿಯಮಗಳು ಸರಳವಾಗಿದ್ದವು.

2024ರ ಮಾರ್ಚ್‌ನಲ್ಲಿ ಮಂಜೂರಾತಿ ಪತ್ರ ಬಂತು. ಮುಂದಿನ ತಿಂಗಳೇ ನನ್ನ ಪ್ರಸ್ತಾವನೆಯ ಮುಖ್ಯ ಉದಾಹರಣೆ ಕೈಬಿಟ್ಟು ಹೋಯಿತು. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಆಶ್ರಯದಲ್ಲಿ 2021ರಲ್ಲಿ ಆರಂಭವಾಗಿದ್ದ ವಿಮಾ ಕಂಪನಿಗಳ ನೆಟ್ ಜೀರೋ (ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುವ ಗುರಿಯ) ಒಕ್ಕೂಟದಿಂದ ಮ್ಯೂನಿಕ್ ರೀ ಕಂಪನಿ 2023ರ ಮಾರ್ಚ್ ಅಂತ್ಯದಲ್ಲಿ, ಸ್ಪರ್ಧಾ ಕಾನೂನಿನ ಅಪಾಯವನ್ನೇ ಕಾರಣವಾಗಿ ಕೊಟ್ಟು ಹೊರಬಂದಿತ್ತು. ಅದರ ಹಿಂದೆ ಇತರ ದೊಡ್ಡ ಕಂಪನಿಗಳೂ ಹೊರನಡೆದವು. 2024ರ ಏಪ್ರಿಲ್‌ನಲ್ಲಿ ಒಕ್ಕೂಟವನ್ನೇ ಮುಚ್ಚಲಾಯಿತು. ಸ್ಪರ್ಧಾ ಕಾನೂನಿನ ಭಯ ಹಸಿರು ಸಹಕಾರವನ್ನು ಹೇಗೆ ಕುಗ್ಗಿಸುತ್ತದೆ ಎಂದು ತೋರಿಸಲು ನಾನು ಅದರ ಸದಸ್ಯರನ್ನು ಸಂಪರ್ಕಿಸುವುದಾಗಿ ಬರೆದಿದ್ದೆ. ಈಗ ಸಂಪರ್ಕಿಸಲು ಒಕ್ಕೂಟವೇ ಇಲ್ಲ. ಪ್ರತಿಷ್ಠಾನಕ್ಕೆ ತಿದ್ದುಪಡಿ ಪತ್ರ ಬರೆದು, ವಿಮೆಯ ಭಾಗವನ್ನು ದಾಖಲೆಗಳ ಅಧ್ಯಯನಕ್ಕೆ ಸೀಮಿತಗೊಳಿಸಿ, ಕ್ಷೇತ್ರಕಾರ್ಯವನ್ನು ಪೂರ್ತಿಯಾಗಿ ಭಾರತದ ಬ್ಯಾಂಕುಗಳು ಮತ್ತು ಸಾಲಗಾರರ ಕಡೆಗೆ ತಿರುಗಿಸಿದೆ. ಹಿಂದಿರುಗಿ ನೋಡಿದರೆ ಈ ತಿರುವಿನಿಂದಲೇ ಪ್ರಬಂಧಕ್ಕೆ ಜೀವ ಬಂತು ಎನ್ನಬೇಕು.

ಅದಕ್ಕೂ ಮೊದಲು ಎರಡು ಕಚೇರಿಗಳ ಬಾಗಿಲು ದಾಟಬೇಕಿತ್ತು. ಮನುಷ್ಯರನ್ನು ಸಂದರ್ಶಿಸುವ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಬೇಕೆಂದು ಪ್ರತಿಷ್ಠಾನ ಕೇಳಿತು. ನಾನು ಸಂಶೋಧನೆ ಮಾಡುವ ಕಾಲೇಜಿನಲ್ಲಿ ಅಂಥ ಸಮಿತಿ ಇರಲಿಲ್ಲ. ಅದೇ ಟ್ರಸ್ಟಿಗೆ ಸೇರಿದ ವೈದ್ಯಕೀಯ ಸಂಸ್ಥೆಯ ಸಮಿತಿಗೆ ಅರ್ಜಿ ಹಾಕಿದೆ. ನಮೂನೆಯಲ್ಲಿ ತೆಗೆಯಲಿರುವ ರಕ್ತದ ಪ್ರಮಾಣವನ್ನು ಮಿಲಿಲೀಟರಿನಲ್ಲಿ ತಿಳಿಸಬೇಕಿತ್ತು. ಹದಿನಾಲ್ಕು ಕಡೆ ‘ಅನ್ವಯಿಸುವುದಿಲ್ಲ’ ಎಂದು ಬರೆದೆ. ಆದರೆ ಸಮಿತಿಯಲ್ಲಿದ್ದ ಹಿರಿಯ ವೈದ್ಯೆಯೊಬ್ಬರು ಕೇಳಿದ ಪ್ರಶ್ನೆಯನ್ನು ನಮ್ಮ ಕಾನೂನು ವಿಭಾಗದಲ್ಲಿ ಯಾರೂ ಕೇಳಿರಲಿಲ್ಲ: “ಹೆಸರು ಹೇಳೋದಿಲ್ಲ ಅಂತ ಮಾತು ಕೊಡ್ತೀರಿ. ನಾಳೆ ತನಿಖೆಯವರು ಬಂದು ಟಿಪ್ಪಣಿ ಕೇಳಿದರೆ ಏನು ಮಾಡ್ತೀರಿ?” ಸ್ಪರ್ಧಾ ಆಯೋಗದ ತನಿಖೆ ನಡೆಸುವ ಮಹಾನಿರ್ದೇಶಕರಿಗೆ ಸಾಕ್ಷಿಗಳನ್ನು ಕರೆಸುವ, ದಾಖಲೆ ತರಿಸಿಕೊಳ್ಳುವ ಅಧಿಕಾರ ಕಾಯ್ದೆಯಲ್ಲೇ ಇದೆ, ವಕೀಲರಿಗೂ ಕಕ್ಷಿದಾರರಿಗೂ ನಡುವಿನ ಮಾತಿಗೆ ಇರುವಂಥ ರಕ್ಷಣೆ ಸಂಶೋಧಕಿಯ ಟಿಪ್ಪಣಿಗಿಲ್ಲ. ಅಂದೇ ಒಪ್ಪಿಗೆ ಪತ್ರ ತಿದ್ದಿದೆ. ಹೆಸರು ಮತ್ತು ಬ್ಯಾಂಕನ್ನು ಬರೆದುಕೊಳ್ಳುವುದೇ ಇಲ್ಲ, ನಿರ್ದಿಷ್ಟ ಸಾಲದ ವಿವರ ಕೇಳುವುದಿಲ್ಲ, ಕಾನೂನುಬದ್ಧ ಆದೇಶ ಬಂದರೆ ಗೋಪ್ಯತೆಯ ಭರವಸೆ ನಿಲ್ಲದು ಎಂಬ ಮೂರು ಮಾತುಗಳನ್ನು ಸೇರಿಸಿದೆ. ಕೊನೆಯ ಮಾತು ಓದಿದ ಮೇಲೆ ಇಬ್ಬರು ಅಧಿಕಾರಿಗಳು ಸಂದರ್ಶನಕ್ಕೆ ಒಲ್ಲೆ ಎಂದರು. ಅವರಿಗೆ ಅದು ಗೊತ್ತಿರಬೇಕಾದದ್ದು ನ್ಯಾಯವೇ.

ಎರಡನೆಯ ಬಾಗಿಲು ಹಣದ್ದು. ಪ್ರತಿಷ್ಠಾನವು ಹಣವನ್ನು ಸಂಸ್ಥೆಗೇ ಕಳಿಸುವುದು ವಾಡಿಕೆ. ಆದರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಟ್ರಸ್ಟ್ ಹೊರದೇಶದ ಹಣ ಪಡೆಯುವಂತಿಲ್ಲ. ನೋಂದಾಯಿತ ಸಂಸ್ಥೆಯೂ 2020ರ ತಿದ್ದುಪಡಿಯ ನಂತರ ಅದನ್ನು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೇ ಸ್ವೀಕರಿಸಬೇಕು. ಮೂರು ಸಾವಿರ ಯೂರೋಗಾಗಿ ನಮ್ಮ ಟ್ರಸ್ಟಿನವರು ನೋಂದಣಿಗೆ ಓಡಾಡಲಿ ಎಂದು ಕೇಳುವ ಹಾಗಿರಲಿಲ್ಲ. ಕಾಯ್ದೆಯನ್ನು ನಾನೇ ಕುಳಿತು ಓದಿದಾಗ ಕಲಂ 4ರಲ್ಲಿ ದಾರಿ ಕಂಡಿತು: ವಿದ್ಯಾರ್ಥಿವೇತನ, ಸ್ಟೈಪೆಂಡ್ ಅಥವಾ ಅಂಥ ಸ್ವರೂಪದ ಪಾವತಿಯನ್ನು ನಿಷೇಧದಿಂದ ಹೊರಗಿಡಲಾಗಿದೆ. ಮಂಜೂರಾತಿ ಪತ್ರದಲ್ಲಿದ್ದ ‘ಯೋಜನಾ ಅನುದಾನ’ ಎಂಬ ಮಾತನ್ನು ‘ಸಂಶೋಧನಾ ವಿದ್ಯಾರ್ಥಿವೇತನ’ ಎಂದು ಬದಲಿಸಿ, ಹಣವನ್ನು ನನ್ನ ಹೆಸರಿಗೇ ಕಳಿಸುವಂತೆ ಕೋರಿದೆ. ಪ್ರತಿಷ್ಠಾನದವರು ತಮ್ಮ ವಕೀಲರನ್ನು ಕೇಳಿ ಆರು ವಾರಗಳ ನಂತರ ಒಪ್ಪಿದರು. ಜುಲೈನಲ್ಲಿ ಶೇ 60ರ ಮೊದಲ ಕಂತು ಬಂದಾಗ ಬ್ಯಾಂಕಿನವರು ಹಣ ಯಾತಕ್ಕೆ ಬಂತೆಂಬ ಘೋಷಣೆ ಬರೆಸಿಕೊಂಡರು, ಕಮಿಷನ್ ಮುರಿದುಕೊಂಡರು, ಒಳಬಂದ ಹಣದ ಪ್ರಮಾಣಪತ್ರಕ್ಕಾಗಿ ನನ್ನನ್ನು ನಾಲ್ಕು ಸಲ ತಿರುಗಿಸಿದರು. ವಿದೇಶಿ ನೆರವು ಪಡೆಯುವವರು ಆ ಪ್ರಮಾಣಪತ್ರವನ್ನು ಹಣ ಬಂದ ವಾರದಲ್ಲೇ ಪಡೆದುಕೊಳ್ಳುವುದು ಲೇಸು.

ಕ್ಷೇತ್ರಕಾರ್ಯದಲ್ಲಿ ಹದಿನಾಲ್ಕು ಸಂದರ್ಶನ ಮಾಡುವುದೆಂದು ಬರೆದಿದ್ದೆ, ಆದದ್ದು ಒಂಬತ್ತು. ಮುಂಬೈಯ ಅಧಿಕಾರಿಗಳು ಸುಸ್ಥಿರತೆಯ ಬಗ್ಗೆ ಎಷ್ಟು ಬೇಕಾದರೂ ಮಾತನಾಡುತ್ತಿದ್ದರು. ಇತರ ಬ್ಯಾಂಕುಗಳೊಡನೆ ಮಾತನಾಡುತ್ತೀರಾ ಎಂದ ತಕ್ಷಣ ಗಡಿಯಾರ ನೋಡುತ್ತಿದ್ದರು. ಒಬ್ಬರು ಮಾತ್ರ ಬಿಚ್ಚಿ ಹೇಳಿದರು: ಹಲವು ಬ್ಯಾಂಕುಗಳು ಕೂಡಿ ಒಬ್ಬನಿಗೇ ಕೊಡುವ ಒಕ್ಕೂಟ ಸಾಲದಲ್ಲಿ ಸಾಲಗಾರನ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳಿ ಎಂದು ರಿಸರ್ವ್ ಬ್ಯಾಂಕೇ ಹೇಳುತ್ತದೆ, ಹೀಗಿರುವಾಗ ಮಾತಾಡದೆ ಇರುವುದು ಹೇಗೆ? ಒಂದು ನಿಯಂತ್ರಕ ಸಂಸ್ಥೆ ಮಾಡು ಎನ್ನುವುದನ್ನು ಇನ್ನೊಂದು ಸಂಶಯದಿಂದ ನೋಡಬಹುದಾದ ಆ ಇಕ್ಕಟ್ಟು ನನ್ನ ಮೂರನೆಯ ಅಧ್ಯಾಯದ ವಿಷಯವಾಯಿತು.

ಬೆಳಗಾವಿಯಲ್ಲಿ ಎರಕದ ಕಾರ್ಖಾನೆ ನಡೆಸುವ ಒಬ್ಬರು ತೋರಿಸಿದ ಕಾಗದಗಳು ಇದಕ್ಕಿಂತ ಬೆಲೆಬಾಳುವಂಥವು. ಮಸಿ ಮೆತ್ತಿದ ಕೈಯಿಂದ ಅವರು ಎರಡು ಪ್ರಶ್ನಾವಳಿಗಳನ್ನು ಮೇಜಿನ ಮೇಲೆ ಹರಡಿದರು. ಎರಡು ಬೇರೆ ಬೇರೆ ಬ್ಯಾಂಕುಗಳಿಂದ ಬಂದವು, ಕುಲುಮೆಯ ವಿದ್ಯುತ್ ಬಳಕೆ, ಬಳಸಿದ ಮರಳಿನ ವಿಲೇವಾರಿ, ಕಾರ್ಮಿಕರ ಸುರಕ್ಷತೆ ಇತ್ಯಾದಿ. ಪ್ರಶ್ನೆಗಳ ಕ್ರಮ ಒಂದೇ. ಹನ್ನೊಂದನೆಯ ಪ್ರಶ್ನೆಯಲ್ಲಿದ್ದ ಕಾಗುಣಿತದ ತಪ್ಪೂ ಒಂದೇ. ಕೂಟ ಸಿಕ್ಕಿಬಿತ್ತು ಎಂದು ನನ್ನ ಎದೆ ಹೊಡೆದುಕೊಂಡಿತು. ವಿಚಾರಿಸಿ ನೋಡಿದರೆ ಎರಡೂ ಬ್ಯಾಂಕುಗಳು ಒಂದೇ ಸಲಹಾ ಸಂಸ್ಥೆಯಿಂದ ನಮೂನೆ ಪಡೆದಿದ್ದವು, ಅಷ್ಟೇ. ಆದರೂ ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಗಾಲಿಯ ಅರಗಳು ನಡುವಿನ ಗುಂಬಕ್ಕೆ ಬಂದು ಸೇರುವ ಹಾಗೆ, ಸ್ಪರ್ಧಿಗಳು ನೇರವಾಗಿ ಮಾತಾಡದೆ ಮಧ್ಯದ ಒಬ್ಬನ ಮೂಲಕ ಒಂದಾಗುವ ಒಪ್ಪಂದಗಳಿಗೆ 2023ರ ತಿದ್ದುಪಡಿ ಕಲಂ 3(3)ರ ಊಹೆಯನ್ನು ವಿಸ್ತರಿಸಿದೆ. ಅದೇ ವ್ಯಾಪಾರದಲ್ಲಿ ಇಲ್ಲದವನೂ ಅದರಲ್ಲಿ ಪಾಲ್ಗೊಂಡರೆ ಹೊಣೆಗಾರನಾಗಬಹುದು. ಒಂದೇ ನಮೂನೆ ಮಾರುವ ಸಲಹೆಗಾರ ಎಲ್ಲಿಯವರೆಗೆ ಬರೀ ಮಾರಾಟಗಾರ, ಎಲ್ಲಿಂದ ಗುಂಬವಾಗುತ್ತಾನೆ? ಆ ಕಾಗದಗಳನ್ನು ನಾನು ಒಪ್ಪಂದಕ್ಕೆ ಪುರಾವೆಯೆಂದು ಬಳಸಿಲ್ಲ, ಬಳಸಲು ಬರುವುದೂ ಇಲ್ಲ. ಪ್ರಶ್ನಾವಳಿಯಲ್ಲಿ ಬಡ್ಡಿದರದ ಮಾತಿಲ್ಲ, ಉತ್ತರ ಕೊಡದಿದ್ದರೆ ಸಾಲವಿಲ್ಲವೆಂಬ ಮಾತೂ ಇಲ್ಲ. ಅವರು ಬೀಳ್ಕೊಡುವಾಗ, “ಎರಡಕ್ಕೂ ಒಂದ ಉತ್ತರ ಬರದು ಕಳಿಸೇನಿ ನೋಡ್ರಿ” ಎಂದು ನಕ್ಕರು.

2025ರ ಏಪ್ರಿಲ್‌ನಲ್ಲಿ ವರದಿ ಮತ್ತು ಲೆಕ್ಕಪತ್ರ ಕಳಿಸಿದೆ. ವರದಿಯ ಬಗ್ಗೆ ಬಂದ ಪ್ರಶ್ನೆಗಳು ಎರಡು, ಲೆಕ್ಕದ ಬಗ್ಗೆ ಹದಿನೇಳು. ಹಲವು ಬಸ್ ಟಿಕೆಟ್‌ಗಳ ಅಕ್ಷರ ಅಷ್ಟರಲ್ಲಿ ಪೂರಾ ಅಳಿಸಿ, ಬಿಳಿ ಚೀಟಿಗಳಾಗಿದ್ದವು. ಉಷ್ಣಕಾಗದದ ಟಿಕೆಟ್‌ಗಳನ್ನು ಅದೇ ದಿನ ಫೋಟೊ ತೆಗೆದಿಟ್ಟುಕೊಳ್ಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಅಕ್ಷರ ಉಳಿದಿದ್ದವು ಇನ್ನೂ ದೊಡ್ಡ ತೊಡಕಾದವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಂದಿನಿಂದ ರಾಜ್ಯದೊಳಗಿನ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಮಹಿಳೆಯರಿಗೆ ಶೂನ್ಯ ದರದ ಟಿಕೆಟ್. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳ ಓಡಾಟವೆಲ್ಲ ಅದರಲ್ಲೇ ಆಗಿತ್ತು. ಸೊನ್ನೆ ಯೂರೋ ಖರ್ಚಿಗೆ ರಸೀದಿ ಏಕೆ, ಖರ್ಚಿಲ್ಲದಿದ್ದರೆ ಪ್ರಯಾಣ ನಡೆದದ್ದು ಹೇಗೆ ಎಂದು ಅವರ ಲೆಕ್ಕಪರಿಶೋಧಕರು ಕೇಳಿದರು. ಟಿಕೆಟ್ ಹಣವನ್ನು ಸರ್ಕಾರ ಸಾರಿಗೆ ನಿಗಮಕ್ಕೆ ತುಂಬಿಕೊಡುತ್ತದೆ ಎಂದು ವಿವರಿಸಿ, ಯೋಜನೆಯ ಆದೇಶದ ಸಾರಾಂಶ ಅನುವಾದಿಸಿ ಕಳಿಸಿದ ಮೇಲೆ ಒಪ್ಪಿದರು. ಪ್ರಯಾಣದ ಬಾಬ್ತಿನಲ್ಲಿ ಹೀಗೆ ಉಳಿದ 140 ಯೂರೋ ಹಿಂದಿರುಗಿಸಬೇಕಾಯಿತು. ಹೊರದೇಶಕ್ಕೆ ಹಣ ಕಳಿಸಲು ಎ2 ನಮೂನೆ ತುಂಬಿ, ಬ್ಯಾಂಕಿನ ಶುಲ್ಕ ತೆರುವ ಬದಲು ಕೊನೆಯ ಕಂತಿನಲ್ಲೇ ಮುರಿದುಕೊಳ್ಳಿ ಎಂದು ಕೋರಿದೆ, ಮುರಿದುಕೊಂಡರು.

2025ರ ಅಕ್ಟೋಬರಿನಲ್ಲಿ ಬ್ಯಾಂಕುಗಳ ನೆಟ್ ಜೀರೋ ಒಕ್ಕೂಟವೂ ಸದಸ್ಯರ ಮತದಾನದ ನಂತರ ಕೆಲಸ ನಿಲ್ಲಿಸಿತು. ಪ್ರಬಂಧದ ಎರಡನೆಯ ಅಧ್ಯಾಯದಲ್ಲಿ ಅದರ ಬಗ್ಗೆ ವರ್ತಮಾನ ಕಾಲದಲ್ಲಿ ಬರೆದಿದ್ದ ಹದಿನೆಂಟು ಪುಟಗಳನ್ನು ಈಗ ಭೂತಕಾಲಕ್ಕೆ ತಿದ್ದುತ್ತಿದ್ದೇನೆ. ಧನಸಹಾಯದ ಅವಧಿ ಮುಗಿದಿರುವುದರಿಂದ ಈ ಸಲ ತಿದ್ದುಪಡಿ ಪತ್ರ ಬರೆಯಬೇಕಾಗಿಲ್ಲ.